ಆ ಲಂಗರದ ಗುಂಡಿ ನೌಕಾಪಡೆದಲ್ಲ, ದಯವಿಟ್ಟು ತಿಕ್ಕಬೇಡಿ

ಗ್ಲಾಸ್ಗೋದಿಂದ ಪತ್ರ ಬರೆದ ಮೇಡಂ ಅವರಿಗೆ ನಮಸ್ಕಾರ.

ಉಳಿದ ಓದುಗರಿಗೂ ಗೊತ್ತಾಗ್ಲಿ ಅಂತ ನಿಮ್ಮ ಪತ್ರದ ವಿಷಯ ಎರಡು ಮಾತಲ್ಲಿ ಹೇಳ್ಬಿಡ್ತೀನಿ. ಮನೆ ಹಿಂದೆ ಮೆಂತ್ಯ ಸೊಪ್ಪು ಹಾಕೋಣ ಅಂತ ಮಣ್ಣು ಅಗೀವಾಗ ನಿಮ್ಮ ಮಗನಿಗೆ ಒಂದು ಹಿತ್ತಾಳೆ ಗುಂಡಿ ಸಿಕ್ಕಿದೆ, 16 ಮಿಲಿಮೀಟರ್ ಅಗಲ, ಮುಂದೆ ಲಂಗರು, ಅದರ ಎರಡೂ ಪಕ್ಕ ಒಂದೊಂದು ಬಿ ಅಕ್ಷರ, ಪಟ್ಟಿ ಮೇಲೆ ಇಂಗ್ಲಿಷಲ್ಲಿ ಶ್ಯೂರ್ ಅಂಡ್ ಸ್ಟೆಡ್‌ಫಾಸ್ಟ್ ಅಂತ ಇದೆ, ಲಂಗರದ ಹಿಂದೆ ಕೂಡಿಸೋ ಗುರುತಿನ ಥರ ಏನೋ ಕಾಣುತ್ತೆ ಆದ್ರೆ ಅದು ಗೀರೂ ಇರಬಹುದು ಅಂದಿದ್ದೀರ. ಇದು ಬ್ರಿಟಿಷ್ ನೌಕಾಪಡೆದಾ, ಸ್ಪೆಲಿಂಗ್ ತಪ್ಪಿದೆಯಲ್ಲ ಹಾಗಾದ್ರೆ ಡೂಪ್ಲಿಕೇಟಾ, ಊರಿಂದ ಅತ್ತೆ ಫೋನಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕು ಅಂದ್ರು ತಿಕ್ಕಲಾ, ಅಂತ ಮೂರು ಪ್ರಶ್ನೆ.

ಮೂರನೇದಕ್ಕೆ ಮೊದಲು ಉತ್ತರ. ತಿಕ್ಕಬೇಡಿ. ಯಾಕೆ ಅಂತ ಕೊನೇಲಿ ಹೇಳ್ತೀನಿ.

ನೌಕಾಪಡೆ ಗುಂಡಿ ಅಲ್ಲವೇ ಅಲ್ಲ. ಅವರ ಗುಂಡಿಲಿ ಲಂಗರದ ಮೇಲೆ ರಾಜಕಿರೀಟ ಇರುತ್ತೆ, ಲಂಗರಕ್ಕೆ ಹಗ್ಗ ಸುತ್ತಿಕೊಂಡಿರುತ್ತೆ. ನಿಮ್ಮದರಲ್ಲಿ ಕಿರೀಟನೂ ಇಲ್ಲ ಹಗ್ಗನೂ ಇಲ್ಲ. ಆ ಎರಡು ಬಿ ಅಂದ್ರೆ ಬಾಯ್ಸ್ ಬ್ರಿಗೇಡ್ ಅನ್ನೋ ಹುಡುಗರ ಕ್ರೈಸ್ತ ಸಂಘಟನೆ, ಮತ್ತೆ ಅದು ಹುಟ್ಟಿದ್ದೇ ನೀವಿರೋ ಊರಲ್ಲಿ! 1883ರ ಅಕ್ಟೋಬರ್ 4ರಂದು ವಿಲಿಯಂ ಅಲೆಕ್ಸಾಂಡರ್ ಸ್ಮಿತ್ ಅನ್ನೋರು ನಾರ್ತ್ ವುಡ್‌ಸೈಡ್ ಮಿಷನ್‌ನಲ್ಲಿ ಇದನ್ನ ಶುರು ಮಾಡಿದ್ರು. ಸ್ಮಿತ್ ಅವರು ಅಲ್ಲಿ ಭಾನುವಾರದ ಶಾಲೆಯ ಮೇಷ್ಟ್ರು, ಜೊತೆಗೆ ಲ್ಯಾನಾರ್ಕ್‌ಷೈರ್‌ನ ಸ್ವಯಂಸೇವಕ ರೈಫಲ್ ಪಡೇಲೂ ಇದ್ರು. ಶಾಲೇಲಿ ಹುಡುಗರನ್ನ ಹಿಡಿದು ಕೂರಿಸೋಕೆ ಆಗ್ತಾ ಇರಲಿಲ್ಲ, ಆದ್ರೆ ಪರೇಡ್ ಮೈದಾನದಲ್ಲಿ ಅದೇ ವಯಸ್ಸಿಗೆ ಸ್ವಲ್ಪ ಮೇಲಿನವರು ಸಾಲಾಗಿ ನಿಂತು ಹೇಳಿದ ಮಾತು ಕೇಳ್ತಾರಲ್ಲ, ಹಾಗಾದ್ರೆ ಆ ಡ್ರಿಲ್ಲನ್ನೇ ಇಲ್ಲಿಗೆ ತಂದ್ರೆ ಹೇಗೆ ಅಂತ ಅವರಿಗೆ ಹೊಳೀತು. ಅಲ್ಲಿಂದ ಬಂದಿದ್ದು ಕಂಪನಿ, ಆಫೀಸರ್, ಪರೇಡ್ ಎಲ್ಲ. ಸ್ಕೌಟ್ ಶುರುವಾಗೋಕೆ ಹೆಚ್ಚುಕಡಿಮೆ ಕಾಲು ಶತಮಾನ ಮುಂಚಿನ ಮಾತು ಇದು.

ಸ್ಪೆಲಿಂಗ್ ವಿಚಾರ. ಈಗಿನ ಇಂಗ್ಲಿಷಲ್ಲಿ ಸ್ಟೆಡ್‌ಫಾಸ್ಟ್ ಅನ್ನೋ ಪದದಲ್ಲಿ ಮೊದಲ ಇ ಆದ್ಮೇಲೆ ಒಂದು ಎ ಬೇಕು ಅನ್ನೋದು ನಿಜ, ನೀವು ಅದನ್ನ ಗಮನಿಸಿದ್ದು ನನಗೆ ತುಂಬಾ ಖುಷಿ ಆಯ್ತು. ಆದ್ರೆ ಈ ಧ್ಯೇಯವಾಕ್ಯ ತಗೊಂಡಿರೋದು 1611ರಲ್ಲಿ ಬಂದ ಕಿಂಗ್ ಜೇಮ್ಸ್ ಬೈಬಲ್‌ನಿಂದ, ಇಬ್ರಿಯರಿಗೆ ಬರೆದ ಪತ್ರದ 6ನೇ ಅಧ್ಯಾಯ 19ನೇ ವಚನ, ಭರವಸೆ ಅನ್ನೋದು ಜೀವಕ್ಕೆ ಲಂಗರ ಇದ್ದ ಹಾಗೆ, ಭದ್ರ ಮತ್ತು ಅಚಲ ಅನ್ನೋ ಅರ್ಥದ್ದು. ಅಲ್ಲಿ ಎ ಇಲ್ಲದ ಹಳೇ ಸ್ಪೆಲಿಂಗೇ ಇದೆ, ಬ್ರಿಗೇಡ್‌ನವರು ಅದನ್ನ ಹಾಗೇ ಇಟ್ಕೊಂಡ್ರು, ಇವತ್ತಿಗೂ ಬದಲಾಯಿಸಿಲ್ಲ. ಅಂದ್ರೆ ನಿಮಗೆ ಅನುಮಾನ ಹುಟ್ಟಿಸಿದ ಆ ತಪ್ಪೇ ಗುಂಡಿಯ ಗುರುತು ಹೇಳೋದು. ಎ ಇದ್ದಿದ್ರೆ ನಾನೇ ಅನುಮಾನ ಪಡ್ತಿದ್ದೆ.

ಈಗ ನಿಮ್ಮ ಆ ಗೀರಿನ ವಿಷಯಕ್ಕೆ ಬರ್ತೀನಿ, ನನಗೆ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು ಅದೇ. 1899ರಲ್ಲಿ ಇಂಗ್ಲೆಂಡಲ್ಲಿ ಬಾಯ್ಸ್ ಲೈಫ್ ಬ್ರಿಗೇಡ್ ಅಂತ ಇನ್ನೊಂದು ಸಂಘಟನೆ ಶುರುವಾಯ್ತು. ಇವರಿಗೆ ಹುಡುಗರ ಕೈಗೆ ಬಂದೂಕು ಕೊಟ್ಟು ಡ್ರಿಲ್ ಮಾಡಿಸೋದು ಇಷ್ಟ ಇರಲಿಲ್ಲ, ಬದಲಿಗೆ ಪ್ರಥಮ ಚಿಕಿತ್ಸೆ, ಬೆಂಕಿಯಿಂದ ನೀರಿಂದ ಜನರನ್ನ ಕಾಪಾಡೋದು, ಇಂಥದ್ದು ಕಲಿಸ್ತಿದ್ರು. ಅವರ ಚಿಹ್ನೆ ಕೆಂಪು ಶಿಲುಬೆ. 1926ರಲ್ಲಿ ಎರಡೂ ಸಂಘಟನೆ ಒಂದಾದವು, ಆಗ ಹಳೇ ಲಂಗರದ ಹಿಂದೆ ಆ ಶಿಲುಬೆ ಬಂದು ಕೂತ್ಕೊಂತು. ಹಾಗಾಗಿ ಲಂಗರ ಮಾತ್ರ ಇದ್ರೆ ವಿನ್ಯಾಸ 1883ರಿಂದ 1926ರ ನಡುವಿಂದು, ಹಿಂದೆ ಶಿಲುಬೆ ಇದ್ರೆ 1926ರ ನಂತರದ್ದು. ಬೇರೆ ಯೂನಿಫಾರ್ಮ್ ಗುಂಡಿಗಳಿಗೆ ಕಿರೀಟದ ಆಕಾರ ನೋಡಿ ಕಾಲ ಹೇಳ್ತಾರೆ, ಇಲ್ಲಿ ಕಿರೀಟ ಇಲ್ಲ, ಆ ಒಂದು ಗೆರೆನೇ ನಮಗೆ ದಾರಿ.

ಹುಣಸೆಹಣ್ಣು ಬೇಡ ಅಂದಿದ್ದು ಇದಕ್ಕೇ. ಅತ್ತೆಯವರು ಹೇಳಿದ್ದು ದೇವರ ದೀಪಕ್ಕೆ, ತಂಬಿಗೆಗೆ ನೂರಕ್ಕೆ ನೂರು ಸರಿ, ಆದ್ರೆ ಗುಂಡಿ ಮೇಲಿನ ಉಬ್ಬುಚಿತ್ರ ಕೂದಲೆಳೆಯಷ್ಟೇ ಎತ್ತರ ಇರುತ್ತೆ, ಎಷ್ಟೋ ಗುಂಡಿಗಳಿಗೆ ಮೇಲೆ ತೆಳ್ಳಗೆ ಚಿನ್ನದ ಲೇಪ ಬೇರೆ ಇರುತ್ತೆ, ಹುಣಸೆಯ ಹುಳಿ ಕಿಲುಬನ್ನ ತಿನ್ನುತ್ತೆ, ಕಿಲುಬಿನ ಜೊತೆ ಅಲ್ಪಸ್ವಲ್ಪ ಉಳಿದಿದ್ದ ಲೇಪನೂ ಹೋಗುತ್ತೆ, ಮೇಲಿಂದ ನಾರು ಹಾಕಿ ಉಜ್ಜಿದ್ರೆ ಗೆರೆನೂ ಸವೆದುಹೋಗುತ್ತೆ. ನಮ್ಮ ತಂದೆಯವರ ಎನ್‌ಸಿಸಿ ಕಾಲದ ಒಂದು ಟೊಪ್ಪಿ ಬಿಲ್ಲೆ ಇತ್ತು, ನಾನು ಹೈಸ್ಕೂಲಲ್ಲಿದ್ದಾಗ ಫಳಫಳ ಅನ್ಲಿ ಅಂತ ಮಧ್ಯಾಹ್ನ ಪೂರ್ತಿ ಕೂತು ಉಜ್ಜಿದೆ, ಅಕ್ಷರ ಅಳಿಸಿಹೋಯ್ತು. ಅಪ್ಪ ಏನೂ ಅನ್ನಲಿಲ್ಲ, ಬಿಲ್ಲೆಯನ್ನ ಕೈಯಲ್ಲಿ ಹಿಡ್ಕೊಂಡು ಬೆರಳಲ್ಲಿ ಸವರಿ ಸವರಿ ನೋಡಿದ್ರು. ಅದು ಇನ್ನೂ ನನ್ನ ಕಣ್ಣ ಮುಂದೆ ಇದೆ.

ನೀವು ಹೀಗೆ ಮಾಡಿ. ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದು ರಾತ್ರಿ ನೆನೆಸಿಡಿ, ಮಣ್ಣು ಮೆತ್ತಗಾದ್ಮೇಲೆ ಬಿದಿರಿನ ಟೂತ್‌ಪಿಕ್‌ನಿಂದ ನಿಧಾನಕ್ಕೆ ಬಿಡಿಸಿ, ಪಿನ್ನು ಸೂಜಿ ಬೇಡ, ಆಮೇಲೆ ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸಿ. ಕತ್ತಲೆ ಕೋಣೇಲಿ ಗುಂಡಿಯನ್ನ ಟೇಬಲ್ ಮೇಲಿಟ್ಟು ಮೊಬೈಲ್ ಟಾರ್ಚನ್ನ ಮೇಲಿಂದ ಬಿಡದೆ ಪಕ್ಕದಿಂದ, ಟೇಬಲ್ಲಿಗೆ ತಾಗಿದ ಹಾಗೆ ಬಿಡಿ. ಉಬ್ಬಿರೋದಕ್ಕೆಲ್ಲ ನೆರಳು ಬೀಳುತ್ತೆ. ಅಚ್ಚಿನಲ್ಲೇ ಬಂದ ಶಿಲುಬೆ ಆದ್ರೆ ಗೆರೆ ಉಬ್ಬಿ ಕಾಣುತ್ತೆ, ಲಂಗರದ ನಾಲ್ಕೂ ಕಡೆ ಸಮನಾಗಿ ಚಾಚಿರುತ್ತೆ. ಗುದ್ದಲಿ ತಾಗಿದ ಗೀರಾದ್ರೆ ತಗ್ಗಾಗಿರುತ್ತೆ. ಬೆನ್ನಿನ ಕಡೆನೂ ಹಾಗೇ ನೋಡಿ, ಹೊಲಿಯೋ ಕೊಂಡಿ ಸುತ್ತ ತಯಾರಕರ ಹೆಸರು, ಲಂಡನ್ ಅಂತಲೋ ಬರ್ಮಿಂಗ್‌ಹ್ಯಾಮ್ ಅಂತಲೋ ಊರು ಇರಬಹುದು, ಫರ್ಮಿನ್, ಗಾಂಟ್ ಇವೆಲ್ಲ ಈ ಕಸುಬಿನ ಹಳೇ ಹೆಸರುಗಳು.

ಯಾರ ಬಟ್ಟೆದು ಅಂತ ನಿಮ್ಮ ಮಗ ಕೇಳಿದ್ದಾನಲ್ಲ, ಅದಕ್ಕೆ ಒಂದು ಮಾತು. ಹುಡುಗರಿಗೆ ಮೊದಮೊದಲು ಪೂರ್ತಿ ಯೂನಿಫಾರ್ಮೇ ಇರಲಿಲ್ಲ. ಬಡವರ ಮನೆ ಮಕ್ಕಳೂ ಸೇರಲಿ ಅಂತ ಮನೆ ಬಟ್ಟೆ ಮೇಲೇನೇ ಒಂದು ಪುಟ್ಟ ದುಂಡು ಟೊಪ್ಪಿ, ಬೆಲ್ಟು, ಹೆಗಲಿಗೆ ಬಿಳೀ ಚೀಲ, ಅಷ್ಟೇ. ಕೋಟಿನ ಮುಂಭಾಗದ ಗುಂಡಿಗಳು ಸಾಮಾನ್ಯವಾಗಿ 22 ಮಿಲಿಮೀಟರ್‌ಗಿಂತ ದೊಡ್ಡವು, 16 ಅಂದ್ರೆ ತೋಳಿಗೋ ಜೇಬಿಗೋ ಟೊಪ್ಪಿಗೋ ಹಾಕೋ ಸೈಜು. ಹಾಗಾಗಿ ಇದು ಹುಡುಗನ ಕೋಟಿಂದು ಅನ್ನೋದಕ್ಕಿಂತ, ವಾರವಿಡೀ ಕೆಲಸ ಮಾಡಿ ಸಂಜೆ ಡ್ರಿಲ್ ಹೇಳಿಕೊಡೋಕೆ ಬರ್ತಿದ್ದ ಯಾರೋ ಆಫೀಸರ್‌ದು ಅಂತ ನನ್ನ ಅಂದಾಜು.

ಬೆಂಗಳೂರಿನವರಾದ ನಿಮಗೆ ಇನ್ನೊಂದು ಸಂಬಂಧನೂ ಇದೆ. 1904ರಲ್ಲಿ ಇದೇ ಗ್ಲಾಸ್ಗೋದಲ್ಲಿ ಬ್ರಿಗೇಡ್‌ನ ಸಾವಿರಾರು ಹುಡುಗರ ಪರೇಡ್ ನೋಡೋಕೆ, ಮುಂದೆ ಸ್ಕೌಟ್ ಶುರು ಮಾಡಿದ ಸೇನಾಧಿಕಾರಿ ಬೇಡನ್ ಪೊವೆಲ್ ಬಂದಿದ್ರು, ಸೈನಿಕರಿಗೆ ಬರೆದ ನಿಮ್ಮ ಸ್ಕೌಟಿಂಗ್ ಪಾಠಗಳನ್ನ ಹುಡುಗರಿಗೂ ಹೊಂದೋ ಹಾಗೆ ಬರೀರಿ ಅಂತ ಸ್ಮಿತ್ ಅವರು ಅವರನ್ನ ಹುರಿದುಂಬಿಸಿದ್ರು. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆದ ಮೊದಲ ಸ್ಕೌಟ್ ಶಿಬಿರಕ್ಕೆ ಬೋರ್ನ್‌ಮತ್, ಪೂಲ್ ಊರುಗಳ ಬ್ರಿಗೇಡ್ ಹುಡುಗರೂ ಹೋಗಿದ್ರು. ಅದಾಗಿ ಎರಡೇ ವರ್ಷಕ್ಕೆ, 1909ರಲ್ಲಿ, ಕ್ಯಾಪ್ಟನ್ ಟಿ.ಎಚ್. ಬೇಕರ್ ಭಾರತದ ಮೊದಲ ಸ್ಕೌಟ್ ದಳ ಕಟ್ಟಿದ್ದು ನಿಮ್ಮ ಬೆಂಗಳೂರಲ್ಲಿ. ನಿಮ್ಮ ಮಗನಿಗೆ ಇದನ್ನ ಖಂಡಿತ ಹೇಳಿ.

ಟಾರ್ಚ್ ಬೆಳಕಲ್ಲಿ ಎರಡೂ ಮುಖದ ಫೋಟೋ ತೆಗೆದು ಕಳಿಸಿ, ಪಕ್ಕದಲ್ಲೊಂದು ಸ್ಕೇಲ್ ಇಟ್ಟು. ಗೆರೆ ಉಬ್ಬಿದೆಯಾ ತಗ್ಗಿದೆಯಾ ಅಂತ ನೋಡೋಕೆ ನಾನು ಕಾಯ್ತಾ ಇರ್ತೀನಿ.

ಸಂಪಾದಕ