ಮಾಡಿನ ನೀರು, ಹಲಸಿನ ಎಲೆ

ಪತ್ತನಾಜೆಗೆ ಇನ್ನು ಮೂರು ವಾರ. ನಮ್ಮ ಸುಳ್ಯದ ಕಡೆ ಆ ದಿನಕ್ಕೆ ಕೋಲ, ನೇಮಗಳೆಲ್ಲ ಮುಗಿದು, ಜನ ಮಾಡಿನ ಕಡೆ ಕತ್ತೆತ್ತಿ ನೋಡಲು ಶುರು ಮಾಡುತ್ತಾರೆ. ಮಾಡು ಎಂದರೆ ನಮ್ಮಲ್ಲಿ ಚಾವಣಿ. ಈ ತಿಂಗಳ ಪತ್ರಗಳಲ್ಲಿ ಗೊಬ್ಬರ, ಗೆದ್ದಲಿನವನ್ನು ಪಕ್ಕಕ್ಕಿಟ್ಟು ಮಳೆನೀರಿನವನ್ನಷ್ಟೇ ಎತ್ತಿಕೊಂಡಿದ್ದೇನೆ. ಗೆದ್ದಲು ಎಲ್ಲಿಗೂ ಹೋಗುವುದಿಲ್ಲ, ಮಳೆ ಕಾಯುವುದಿಲ್ಲ.

ಪ್ರಶ್ನೆ: ನಮ್ಮದು ಹಂಚಿನ ಮನೆ. ಹಿಂಬದಿಯ ಸೂರು 40 ಅಡಿ ಉದ್ದ, ಆ ಬದಿಯ ಚಾವಣಿಯ ಅಗಲ ನೆಲದ ಅಳತೆಯಲ್ಲಿ 18 ಅಡಿ. ಒಂದು ಹಲಸು, ಎರಡು ಮಾವು ಮನೆಯ ಮೇಲೆ ಬಾಗಿವೆ. ನಾಲ್ಕು ಇಂಚಿನ ಪಿವಿಸಿ ಪೈಪನ್ನು ಸೀಳಿ, ಸೂರಿನ ನೀರು ಹಿಡಿಯುವ ದೋಣಿ ಕಟ್ಟಿಸಿ, ಎಲೆ ಬೀಳದಿರಲಿ ಎಂದು ಉದ್ದಕ್ಕೂ ಅರ್ಧ ಇಂಚಿನ ಕೋಳಿ ಜಾಲರಿ ಹೊದಿಸಿದೆ. ಈಗ ಎಲೆಯೂ ಒಳಗೆ ಬೀಳುವುದಿಲ್ಲ, ನೀರೂ ಬೀಳುವುದಿಲ್ಲ. ನೆಲದೊಳಗಿನ ತೊಟ್ಟಿಗೆ ಬಂದಷ್ಟು ನೀರಿಗೂ ಚಹಾದ ಬಣ್ಣ, ಕೊಳೆತ ವಾಸನೆ. ಇನ್ನೂ ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಸರಿಯಾದೀತೇ?
— ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಸರಿಯಾಗುವುದಿಲ್ಲ, ಇನ್ನಷ್ಟು ಕೆಡುತ್ತದೆ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣ, ಈ ಎರಡು ತಪ್ಪುಗಳನ್ನೂ ನಾನು ಇದೇ ಕ್ರಮದಲ್ಲಿ ಮಾಡಿದ್ದೇನೆ.

ಕೋಳಿ ಜಾಲರಿ ಹಾಕಿಸಿದ ವರ್ಷ ಆಟಿ ತಿಂಗಳ ಒಂದು ರಾತ್ರಿ ಸೌದೆ ಕೊಟ್ಟಿಗೆ ಪೂರ್ತಿ ತೊಯ್ದಿತ್ತು. ಬೆಳಿಗ್ಗೆ ಮಳೆ ಬಿಟ್ಟ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದೆ. ಮಾವಿನ ಎಲೆಗಳು ತೊಟ್ಟು ಕೆಳಗಾಗಿ ಜಾಲರಿಯ ಕಣ್ಣುಗಳಲ್ಲಿ ಸಾಲಾಗಿ ನೆಟ್ಟುಕೊಂಡಿದ್ದವು, ಗದ್ದೆಯಲ್ಲಿ ನಾಟಿ ಮಾಡಿದ ನೇಜಿಯ ಹಾಗೆ. ಅವುಗಳಿಗೆ ಆತುಕೊಂಡು ಹಲಸಿನ ಎಲೆಗಳು ಮಲಗಿದ್ದವು. ಹಲಸಿನ ಎಲೆ ಒದ್ದೆಯಾದರೆ ಲಕೋಟೆಯ ಮೇಲಿನ ಅಂಚೆಚೀಟಿಯಂತೆ ಕೂರುತ್ತದೆ. ಉಗುರು ಹಾಕಿ ಎಬ್ಬಿಸಬೇಕು. ಅಂಥವು ಮೂರು ಪದರ ಇದ್ದವು. ಒಂದು ತಂಬಿಗೆ ನೀರನ್ನು ಹಂಚಿನ ಮೇಲೆ ಸುರಿದು ನೋಡಿದೆ. ನೀರು ಹಂಚಿನಿಂದ ಎಲೆಗೆ, ಎಲೆಯಿಂದ ಎಲೆಗೆ ಜಾರಿ ನೇರ ಅಂಗಳಕ್ಕೆ ಹಾರಿತು. ಅಲ್ಲಿಗೆ ನಾನು ದುಡ್ಡು ಕೊಟ್ಟು ಸೂರನ್ನು ಆರು ಇಂಚು ಉದ್ದ ಮಾಡಿಸಿದ ಹಾಗಾಗಿತ್ತು.

ಮುಂದಿನ ವರ್ಷ ಸಣ್ಣ ಕಣ್ಣಿನದು ಹಾಕಿಸಿದೆ. ಅದರ ಗತಿ ತಿಳಿಯಬೇಕಾದರೆ ಚಹಾ ಸೋಸುವ ಜರಡಿಯನ್ನು ನಲ್ಲಿಯ ಕೆಳಗೆ ಓರೆಯಾಗಿ ಹಿಡಿಯಿರಿ. ಒಂದಷ್ಟು ನೀರು ಒಳಗಿಳಿಯುತ್ತದೆ, ಒಂದಷ್ಟು ಕಣ್ಣುಗಳ ಮೇಲೆಯೇ ಜಾರಿ ಅಂಚಿನಿಂದ ಹೊರಗೆ ಬೀಳುತ್ತದೆ. ಕಣ್ಣು ಸಣ್ಣದಾದಷ್ಟೂ ನೀರು ಅದಕ್ಕೆ ಅಡ್ಡಲಾಗಿ ಪೊರೆ ಕಟ್ಟುತ್ತದೆ. ಮೇಲ್ಮೈ ಎಳೆತ ಎಂದು ಪಾಠ ಮಾಡಿದವಳು ನಾನು. ಅದು ನನ್ನ ಮಾಡಿಗೂ ಅನ್ವಯಿಸುತ್ತದೆ ಎಂದು ಹೊಳೆಯಲು ಒಂದು ಮಳೆಗಾಲ ಬೇಕಾಯಿತು. ಅದರ ಮೇಲೆ ಹಂಚಿನ ಪಾಚಿ, ಮಾವಿನ ಹೂವಿನ ಪುಡಿ ಸೇರಿದರೆ ಜಾಲರಿ ಹೋಗಿ ಸಗಣಿ ಸಾರಿಸಿದ ಗೆರಸೆಯಾಗುತ್ತದೆ.

40 ಅಡಿ ಉದ್ದಕ್ಕೂ, ಅದೂ ಏಣಿ ಹಾಕಬೇಕಾದ ಎತ್ತರದಲ್ಲಿ, ಎಲೆಯೊಡನೆ ಜಗಳಕ್ಕೆ ನಿಲ್ಲಬಾರದು. ಅದು ದೋಣಿಗೆ ಬೀಳಲಿ, ನೀರಿನ ಜೊತೆ ತೇಲಿ ತುದಿಯವರೆಗೆ ಬರಲಿ. ಅಲ್ಲಿಂದ ಕೆಳಗಿಳಿದು, ನಿಮ್ಮ ಎದೆಯ ಮಟ್ಟದಲ್ಲಿ, ಅಡುಗೆಮನೆಯ ಕಿಟಕಿಯಿಂದ ಕಾಣುವ ಜಾಗದಲ್ಲಿ ಬೇರ್ಪಡಲಿ. ಕಣ್ಣಿಗೆ ಬಿದ್ದರೆ ತಾನೇ ತೆಗೆಯುತ್ತೇವೆ?

ಎಲೆ ತೇಲಬೇಕಾದರೆ ದೋಣಿ ದೊಡ್ಡದಿರಬೇಕು. ನಿಮ್ಮ ಆ ಬದಿ 720 ಚದರ ಅಡಿ, ಅಂದರೆ 67 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಗಂಟೆಗೆ 100 ಮಿಲಿಮೀಟರಿನ ರಭಸದಲ್ಲಿ ಹೊಡೆಯುವ ಮಳೆ ನಿಮಗೆ ಹೊಸದಲ್ಲ, ಹತ್ತೇ ನಿಮಿಷ ಬಂದರೂ ಆಗ ಸೆಕೆಂಡಿಗೆ ಎರಡು ಲೀಟರಿಗೆ ಹತ್ತಿರ ನೀರು. ಎಂಟು ಸೆಕೆಂಡಿಗೊಂದು ಕೊಡ. ನಾಲ್ಕು ಇಂಚಿನ ಸೀಳುಪೈಪು ಇದನ್ನು ಅಂಚಿನವರೆಗೆ ತುಂಬಿಕೊಂಡು ಹೇಗೋ ಸಾಗಿಸೀತು, ಎಲೆ ಬಂದರೆ ಮುಗಿಯಿತು. ಆರು ಇಂಚಿನದನ್ನು ತನ್ನಿ. ಪೈಪು 20 ಅಡಿಯದು ಬರುತ್ತದೆ. ನಟ್ಟನಡುವೆ ಸೀಳಿದರೆ ಒಂದೇ ಪೈಪಿನಲ್ಲಿ ನಿಮ್ಮ 40 ಅಡಿ ಹೆಚ್ಚುಕಡಿಮೆ ಮುಗಿಯಿತು, ಕೂಡಿಕೆಯಲ್ಲಿ ಹೋಗುವಷ್ಟಕ್ಕೆ ಮಾತ್ರ ಒಂದು ತುಂಡು ಹೆಚ್ಚಿಗೆ ಬೇಕು. ಇಳಿಜಾರು 40 ಅಡಿಗೆ ಎರಡೂವರೆ ಇಂಚು ಇರಲಿ. ಕಣ್ಣಂದಾಜು ಬೇಡ, ಮೇಸ್ತ್ರಿಯ ನೀರಿನ ಟ್ಯೂಬಿನಲ್ಲಿ ಮಟ್ಟ ಹಿಡಿಸಿ. ಕ್ಲಾಂಪು ಎರಡು ಅಡಿಗೊಂದು. ಹಂಚಿನ ತುದಿ ದೋಣಿಯ ಬಾಯಿಯ ಮೂರನೇ ಒಂದು ಭಾಗದಷ್ಟು ಒಳಗೆ ಚಾಚಿರಲಿ, ಹೊರ ಅಂಚು ಒಳ ಅಂಚಿಗಿಂತ ಕೂದಲೆಳೆಯಷ್ಟು ತಗ್ಗಿರಲಿ. ಉಕ್ಕಿದರೂ ನೀರು ಗೋಡೆಗೆ ಬರುವುದಿಲ್ಲ.

ನಡುವಿನ ಕೂಡಿಕೆಗೆ ಅಂಟು ಹಾಕಿಸಬೇಡಿ. ಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ. ಬೆಳಗಿನ ಚಳಿಗೂ ಮಧ್ಯಾಹ್ನದ ಉರಿಗೂ ನಡುವೆ 40 ಅಡಿಯಲ್ಲಿ ಮುಕ್ಕಾಲು ಇಂಚಿನ ವ್ಯತ್ಯಾಸ ಬರುತ್ತದೆ. ಒಂದರೊಳಗೊಂದು ಅರ್ಧ ಅಡಿ ಹೊಕ್ಕು ಕೂತಿದ್ದರೆ ಸಾಕು, ಮೇಲಿನದು ಒಳಗೆ, ಕೆಳಗಿನದು ಹೊರಗೆ. ನಮ್ಮ ಹಿರಿಯರು ಅಡಿಕೆ ಮರ ಸೀಳಿ ತಿರುಳು ಕೆತ್ತಿ ಮಾಡುತ್ತಿದ್ದ ದಂಬೆಯನ್ನೂ ಹೀಗೆಯೇ ಜೋಡಿಸುತ್ತಿದ್ದರು.

ಇನ್ನು ತುದಿ. ದೋಣಿಯ ತಳಕ್ಕೆ ತೂತು ಕೊರೆದು ಸಣ್ಣ ಪೈಪು ಇಳಿಸುವುದೇ ಎಲ್ಲರೂ ಮಾಡುವ ತಪ್ಪು. ಮೊದಲ ಹಲಸಿನ ಎಲೆ ಬಂದು ಆ ತೂತಿನ ಮೇಲೆ ಮುಚ್ಚಳದಂತೆ ಕೂರುತ್ತದೆ. ಆರು ಇಂಚಿನ ಪೈಪಿನದೇ ಬೆಂಡು, ಅಂದರೆ ಬಾಗಿದ ತುಂಡು, ತಂದು ದೋಣಿಯ ತುದಿಯನ್ನು ಅದರ ಬಾಯಿಯೊಳಗೆ ಕೂರಿಸಿ. ಹೊಂದಿಕೊಳ್ಳುತ್ತದೆ, ಏಕೆಂದರೆ ದೋಣಿಯೂ ಅದೇ ಅಳತೆಯ ಪೈಪು. ಅಲ್ಲಿಂದ ಎದೆಯ ಮಟ್ಟದವರೆಗೆ ಆರು ಇಂಚಿನ ಪೈಪೇ ಇಳಿಯಲಿ, ಅಲ್ಲಿ ಅದನ್ನು ಕತ್ತರಿಸಿ ತೆರೆದು ಬಿಡಿ.

ಅದರ ಕೆಳಗೆ ನಾನು ಇಟ್ಟಿರುವುದು ಹಳೆಯ ಪೇಂಟಿನ 20 ಲೀಟರಿನ ಬಕೆಟ್ಟು. ಬಾಯಿಯನ್ನು ಓರೆಯಾಗಿ ಕತ್ತರಿಸಿದ್ದೇನೆ: ಗೋಡೆಯ ಕಡೆಯ ಅಂಚಿಗಿಂತ ಮುಂದಿನ ಅಂಚು 12 ಇಂಚು ಕೆಳಗೆ. ಬಕೆಟ್ಟಿನ ಅಡ್ಡಳತೆಯೂ ಹೆಚ್ಚುಕಡಿಮೆ ಅಷ್ಟೇ, ಹಾಗಾಗಿ ಓರೆ 45 ಡಿಗ್ರಿ. ಅದಕ್ಕೆ 5 ಮಿಲಿಮೀಟರ್ ಕಣ್ಣಿನ ಸ್ಟೀಲ್ ಜಾಲರಿ. ನೀರು ಜಾಲರಿಯ ಮೇಲ್ಭಾಗಕ್ಕೆ ಬಿದ್ದು ಒಳಗಿಳಿಯುತ್ತದೆ. ಬಂದ ಎಲೆಯನ್ನು ಹಿಂದಿನಿಂದ ಬರುವ ನೀರೇ ತಳ್ಳಿ ಮುಂದಿನ ಅಂಚಿನಿಂದ ಕೆಳಗೆ ಹಾಕುತ್ತದೆ. ಬಕೆಟ್ಟಿನ ತಳದಿಂದ ತೊಟ್ಟಿಗೆ ನಾಲ್ಕು ಇಂಚಿನ ಪೈಪು ಸಾಕು.

ಇದರಲ್ಲಿ ಕೆಟ್ಟರೆ ಕೆಡುವುದು ಒಂದೇ ಜಾಗ. ಮುಂದಿನ ಅಂಚಿನಲ್ಲಿ ಜಾಲರಿಯನ್ನು ಬಕೆಟ್ಟಿನ ಒಳಕ್ಕೆ ಮಡಚಿದರೆ ಕಾಳಿನಷ್ಟು ಎತ್ತರದ ದಂಡೆ ಉಳಿಯುತ್ತದೆ. ಒಂದು ಎಲೆ ಅಲ್ಲಿ ನಿಂತರೆ ಸಾಕು, ಹಿಂದಿನವೆಲ್ಲ ಸರದಿಯಲ್ಲಿ ನಿಲ್ಲುತ್ತವೆ. ಜಾಲರಿ ಅಂಚನ್ನು ದಾಟಿ ಎರಡು ಬೆರಳು ಹೊರಗೆ ಚಾಚಿ ಕೆಳಕ್ಕೆ ಬಾಗಿರಬೇಕು. ಜೋರು ಮಳೆಯಲ್ಲಿ ಸ್ವಲ್ಪ ನೀರು ಹೊರಗೆ ಚಿಮ್ಮುತ್ತದೆ, ಚಿಮ್ಮಲಿ. 50 ಮಿಲಿಮೀಟರ್ ಮಳೆಯಾದ ಒಂದೇ ದಿನ ಸೋರಿಕೆ ಕಳೆದೂ ಆ ಬದಿಯಿಂದ ನಿಮಗೆ 2,800 ಲೀಟರ್ ಸಿಗುತ್ತದೆ. ತೀರ್ಥಹಳ್ಳಿಯಲ್ಲಿ ಕೂತು ನಾಲ್ಕು ಚೊಂಬಿಗೆ ಅಳುವುದೇ?

ಬಣ್ಣದ ಮಾತು. ಎಲೆಯ ಒಗರು ನೀರಿಗೆ ಬಿಟ್ಟುಕೊಂಡಿದೆ, ಚಹಾದಲ್ಲಿ ಆಗುವುದೂ ಅದೇ. ಮರಳಿನಲ್ಲಿ ಸೋಸಿದರೆ ಅದು ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ವಾಸನೆ ತಳದಲ್ಲಿ ಕೊಳೆಯುತ್ತಿರುವ ಕೆಸರಿನದು. ಈಗಲೇ ತೊಟ್ಟಿ ಖಾಲಿ ಮಾಡಿಸಿ ತಳ ಉಜ್ಜಿಸಿ, ಆ ನೀರನ್ನು ತೋಟಕ್ಕೆ ಬಿಡಿ. ತೊಟ್ಟಿಗೆ ಬೆಳಕು ಹೋಗದಂತೆ ಮುಚ್ಚಿ, ಪೈಪು ಬೀಳುವ ಬಾಯಿಗೆ ನೈಲಾನ್ ಸೊಳ್ಳೆಪರದೆಯ ಚೀಲ ಕಟ್ಟಿ, ವಾರಕ್ಕೊಮ್ಮೆ ಒಗೆಯಿರಿ. ಕುಡಿಯುವುದಾದರೆ ಕುದಿಸಿಯೇ ಕುಡಿಯಿರಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ದೋಣಿಯ ಮೇಲೆ ಕೂರಿಸುವ ಬಾಗಿದ ಮುಚ್ಚಳ ಮಾರುತ್ತಾರೆ. ನೀರು ಮಾತ್ರ ಒಳಗೆ ತಿರುಗುತ್ತದೆ, ಎಲೆ ಹೊರಗೆ ಹಾರುತ್ತದೆ ಎನ್ನುತ್ತಾರೆ. ನಿಜವೇ? ನಮ್ಮದೂ ಹಂಚಿನ ಮಾಡು.
— ಉಡುಪಿಯ ಓದುಗರು

ಉತ್ತರ: ಸುಳ್ಳಲ್ಲ. ಚಮಚದ ಬೆನ್ನನ್ನು ನಲ್ಲಿಯ ನೀರಿಗೆ ತಾಗಿಸಿ ನೋಡಿ, ನೀರು ನೇರ ಕೆಳಗೆ ಬೀಳದೆ ಬೆನ್ನಿನ ಬಾಗನ್ನು ಹಿಡಿದುಕೊಂಡು ತಿರುಗುತ್ತದೆ. ಇದನ್ನು ರುಮೇನಿಯಾದ ಎಂಜಿನಿಯರ್ ಕೊಆಂಡನ ಹೆಸರಿನಲ್ಲಿ ಕರೆಯುತ್ತಾರೆ. ಎಲೆಗೆ ಆ ಬಾಗು ಹಿಡಿಯಲಾಗದು, ಅದು ಹೊರಗೆ ಹೋಗುತ್ತದೆ.

ಈಗ ನಲ್ಲಿಯನ್ನು ಪೂರ್ತಿ ತಿರುಗಿಸಿ. ನೀರು ಚಮಚವನ್ನು ಬಿಟ್ಟು ನಿಮ್ಮ ಸೀರೆಗೆ ಬರುತ್ತದೆ. ನಮ್ಮ ಮಳೆ ಪೂರ್ತಿ ತಿರುಗಿಸಿದ ನಲ್ಲಿ. ಮೇಲಾಗಿ ಈ ಮುಚ್ಚಳಕ್ಕೆ ನೀರು ತೆಳುವಾದ ಹಾಳೆಯಂತೆ ಒಂದೇ ಸಮ ಇಳಿಯಬೇಕು. ಮಂಗಳೂರು ಹಂಚು ಹಾಗೆ ಇಳಿಸುವುದಿಲ್ಲ. ಒಂದೊಂದು ಹಂಚಿನ ಕಾಲುವೆಯಿಂದ ಒಂದೊಂದು ಧಾರೆ ಜಿಗಿಯುತ್ತದೆ. ಹಣ ಉಳಿಸಿ. ಪೇಂಟಿನ ಬಕೆಟ್ಟು ಪುಕ್ಕಟೆ.

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು ಆರ್‌ಸಿಸಿ ತಾರಸಿ, 1,000 ಚದರ ಅಡಿ. ರಸ್ತೆಯ ಗುಲ್‌ಮೊಹರ್ ಮರದ ಸಣ್ಣ ಎಲೆ ಬಂದು ನೀರು ಹೋಗುವ ಬಾಯಿಯ ಜಾಲರಿ ಕಟ್ಟಿ, ಕಳೆದ ವರ್ಷ ತಾರಸಿಯಲ್ಲಿ ನಾಲ್ಕು ಇಂಚು ನೀರು ನಿಂತಿತ್ತು. ಜಾಲರಿ ತೆಗೆದುಬಿಡಲೇ?
— ಮಲ್ಲೇಶ್ವರದ ಓದುಗರು

ಉತ್ತರ: ನಾಲ್ಕು ಇಂಚು ಎಂದರೆ ನಿಮ್ಮ ತಾರಸಿಯ ಮೇಲೆ ಒಂಬತ್ತು ಟನ್ ಭಾರ. ಮೊದಲು ಪ್ಯಾರಪೆಟ್ ಗೋಡೆಯಲ್ಲಿ ತಾರಸಿಯ ಮಟ್ಟದಿಂದ ಎರಡು ಇಂಚು ಮೇಲೆ ಒಂದು ತೂತು ಮಾಡಿಸಿ. ಬಾಯಿ ಕಟ್ಟಿದರೂ ನೀರು ಅಲ್ಲಿಂದ ಹೋಗಲಿ. ಅದರಿಂದ ನೀರು ಸುರಿಯುವುದು ಕಂಡರೆ ಮೇಲೆ ಏನೋ ಕಟ್ಟಿದೆ ಎಂದು ರಸ್ತೆಯಿಂದಲೇ ತಿಳಿಯುತ್ತದೆ.

ನಿಮ್ಮ ಜಾಲರಿ ಚಪ್ಪಟೆಯದು, ಒಂದು ಪ್ಲಾಸ್ಟಿಕ್ ಚೀಲ ಸಾಕು ಅದನ್ನು ಮುಚ್ಚಲು. ಅದರ ಬದಲು ಗುಮ್ಮಟದಂತೆ ಎದ್ದು ನಿಲ್ಲುವುದನ್ನು ಹಾಕಿಸಿ. ಬುಡಕ್ಕೆ ಎಲೆ ಮೆತ್ತಿಕೊಂಡರೂ ನೀರು ಮೇಲಿನ ಕಣ್ಣುಗಳಿಂದ ಒಳಗಿಳಿಯುತ್ತದೆ. ಗುಲ್‌ಮೊಹರಿನ ಎಲೆಚೂರು ಅದರಲ್ಲಿ ನುಸುಳುತ್ತದೆ. ನುಸುಳಲಿ, ಕೆಳಗೆ ಮೊದಲ ಉತ್ತರದಲ್ಲಿ ಹೇಳಿದಂತೆ ಓರೆ ಜಾಲರಿ ಇಟ್ಟು ಹಿಡಿಯಿರಿ. ಅಲ್ಲಿ ಮಾತ್ರ ಕಣ್ಣು ಎರಡು ಮಿಲಿಮೀಟರಿನದು, ಓರೆ ಸ್ವಲ್ಪ ಕಡಿಮೆ, ಜಾಲರಿ ಎರಡರಷ್ಟು ಉದ್ದ; ಇಲ್ಲದಿದ್ದರೆ ಚಹಾ ಜರಡಿಯ ಕಥೆಯೇ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬರುವ ಊರು ನಿಮ್ಮದು, ಸೋರಿಕೆ ಕಳೆದು 75,000 ಲೀಟರ್ ಸಿಗುತ್ತದೆ. ಕೈಯಾರೆ ಮಾಡಿಕೊಳ್ಳಲು ಪುರಸೊತ್ತಿಲ್ಲದಿದ್ದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯವರ ಮಳೆನೀರು ಸಂಗ್ರಹ ಕೇಂದ್ರಕ್ಕೆ ಒಮ್ಮೆ ಹೋಗಿ, ಸೋಸುವ ಸಾಧನಗಳನ್ನು ಕಣ್ಣಾರೆ ನೋಡಿ ಆಮೇಲೆ ಕೊಳ್ಳಿ.

ಪ್ರಶ್ನೆ: ಎಲೆಯ ಕಾಟಕ್ಕೆ ನಮ್ಮ ಮನೆಯವರು ಹಲಸನ್ನೇ ಕಡಿಸೋಣ ಎನ್ನುತ್ತಿದ್ದಾರೆ.
— ಪುತ್ತೂರಿನ ಓದುಗರು

ಉತ್ತರ: ಹಪ್ಪಳ ಯಾವುದರಲ್ಲಿ ಮಾಡುತ್ತೀರಿ ಎಂದು ಅವರನ್ನು ಕೇಳಿ. ಮಾಡಿಗೆ ತಾಗುವ ಗೆಲ್ಲುಗಳನ್ನು ಮಾತ್ರ ಕಡಿಸಿ; ಹಂಚು ಒಡೆಯುವುದೂ, ಇಲಿ ಇಳಿಯುವುದೂ ಅವುಗಳಿಂದಲೇ.

ಪ್ರಶ್ನೆ: ಮೊದಲ ಮಳೆಯ ಕೊಳೆ ನೀರನ್ನು ಎಷ್ಟು ಹೊರಗೆ ಬಿಡಬೇಕು? ಪ್ರತಿ ಮಳೆಗೂ ಬಿಡಬೇಕೇ?
— ಚಿತ್ರದುರ್ಗದ ಓದುಗರು

ಉತ್ತರ: ಚದರ ಮೀಟರಿಗೆ ಒಂದು ಲೀಟರ್ ಬಿಟ್ಟರೆ ಸಾಮಾನ್ಯವಾಗಿ ಸಾಕು. ಧೂಳಿನ ರಸ್ತೆಯೋ ಪಾರಿವಾಳಗಳೋ ಇದ್ದರೆ ಎರಡು. ನಮ್ಮ ಕಡೆ ಮಳೆ ಹಿಡಿದರೆ ಬಿಡದು, ಮಾಡು ತೊಳೆದುಕೊಂಡೇ ಇರುತ್ತದೆ. ಮೊದಲ ವಾರ ಪೈಪನ್ನು ಹೊರಕ್ಕೆ ತಿರುಗಿಸಿಟ್ಟರೆ ಮುಗಿಯಿತು. ನಿಮ್ಮಲ್ಲಿ ಒಂದು ಮಳೆಗೂ ಇನ್ನೊಂದಕ್ಕೂ ನಡುವೆ ಹದಿನೈದು ದಿನ ಧೂಳು ಕೂರುತ್ತದೆ, ಹಾಗಾಗಿ ಪ್ರತಿ ಸಲವೂ ಬಿಡಬೇಕು. ಓರೆ ಜಾಲರಿ ದಾಟಿದ ಮೇಲೆ, ತೊಟ್ಟಿಗೆ ಮೊದಲು, ಆರು ಇಂಚಿನ ಪೈಪೊಂದನ್ನು ನೆಟ್ಟಗೆ ನಿಲ್ಲಿಸಿ ತಳಕ್ಕೆ ತಿರುಪಿನ ಮುಚ್ಚಳ ಹಾಕಿಸಿ. ಅದು ತುಂಬಿದ ಮೇಲೆ ನೀರು ತಾನಾಗಿ ತೊಟ್ಟಿಯ ದಾರಿ ಹಿಡಿಯುತ್ತದೆ. ಮಳೆ ನಿಂತ ಮೇಲೆ ಮುಚ್ಚಳ ತೆಗೆದು ಖಾಲಿ ಮಾಡಲು ಮರೆಯಬೇಡಿ. ಮರೆತರೆ ಮುಂದಿನ ಮಳೆಯ ಧೂಳೆಲ್ಲ ತೊಟ್ಟಿಗೆ.

ಈ ಪೈಪಿನ ಬಗ್ಗೆ ಒಂದು ತಪ್ಪೊಪ್ಪಿಗೆ. ಆರು ಇಂಚಿನ ಪೈಪು ಮೀಟರಿಗೆ 22 ಲೀಟರ್ ಹಿಡಿಯುತ್ತದೆ ಎಂದು ಮಾರ್ಚ್ ಸಂಚಿಕೆಯಲ್ಲಿ ಬರೆದಿದ್ದೆ. ಅದರ ಒಳ ಅಡ್ಡಳತೆ 15 ಸೆಂಟಿಮೀಟರ್. 15ನ್ನು 15ರಿಂದ ಗುಣಿಸಿ ಕೂತಿದ್ದೆ, ಅಂದರೆ ದುಂಡನೆಯ ಪೈಪನ್ನು ಚೌಕ ಮಾಡಿಬಿಟ್ಟಿದ್ದೆ. ಸರಿಯಾದ ಲೆಕ್ಕ ಹದಿನೇಳೂವರೆಗಿಂತ ತುಸು ಹೆಚ್ಚು. ಹೊಸನಗರದ ಹತ್ತನೇ ತರಗತಿಯ ಹುಡುಗಿಯೊಬ್ಬಳು ಚಿತ್ರ ಬರೆದು ತಿದ್ದಿ ಕಳುಹಿಸಿದ್ದಾಳೆ, ಕೆಂಪು ಶಾಯಿಯಲ್ಲಿ. ನನ್ನ ಮಾತು ನಂಬಿ ಮೂರು ಮೀಟರ್ ಕತ್ತರಿಸಿದವರು ದಯವಿಟ್ಟು ಇನ್ನೂ 80 ಸೆಂಟಿಮೀಟರ್ ಸೇರಿಸಿಕೊಳ್ಳಿ.