ಕಾರಿನಲ್ಲಿ ಬಂದೂಕು ಹಿಡಿದು ಕೂತವನ ಕಾಲಿಗೆ ಅಮೆರಿಕದ ಪೊಲೀಸರು ಯಾಕೆ ಗುಂಡು ಹೊಡೆಯುವುದಿಲ್ಲ?

ಕಾಲು ಕಾಣಿಸಬೇಕಲ್ವಾ! ಕಾರಿನೊಳಗೆ ಕೂತವನ ತಲೆ, ಭುಜ, ಹೆಚ್ಚೆಂದರೆ ಎದೆ ಕಾಣುತ್ತದೆ. ಅದೂ ಗಾಜಿನ ಹಿಂದೆ. ಇಳಿಜಾರಾಗಿರುವ ಮುಂದಿನ ಗಾಜಿಗೆ ಬಡಿದ ಗುಂಡು ದಾರಿ ತಪ್ಪುತ್ತದೆ. ವಿದ್ಯುತ್ ಆಘಾತ ಕೊಡುವ ಟೇಸರ್‌ನ ಮುಳ್ಳುಗಳಂತೂ ಗಾಜು ದಾಟುವುದಿಲ್ಲ. ಸಿನಿಮಾದಲ್ಲಿ ಬಾಗಿಲ ಹಿಂದೆ ಅಡಗಿ ಬಚಾವಾಗುತ್ತಾರೆ, ಆದರೆ ಸಾಮಾನ್ಯ ಕಾರಿನ ಬಾಗಿಲು ಗುಂಡು ತಡೆಯುವುದು ಕಡಿಮೆ. ಎಂಜಿನ್ ಇರುವ ಜಾಗ ವಾಸಿ.

ಇನ್ನು ಟೈರ್. ಅದಕ್ಕೆ ಹೊಡೆದರೂ ಗಾಡಿ ತಕ್ಷಣ ನಿಲ್ಲುವುದಿಲ್ಲ, ಒಳಗಿರುವವನ ಕೈಯಲ್ಲಿ ಬಂದೂಕು ಹಾಗೇ ಇರುತ್ತದೆ. ಅದಕ್ಕೇ ಮೊದಲು ಗಾಡಿಗಳನ್ನು ಅಡ್ಡ ನಿಲ್ಲಿಸಿ, ದೂರದಿಂದ ಮಾತಾಡಿಸಿ, ಸಮಯ ಎಳೆಯುತ್ತಾರೆ. ನನ್ನ ಪ್ರಕಾರ ಜಾಸ್ತಿ ಜೀವ ಉಳಿಸುವುದು ಈ ಎಳೆದಾಟವೇ.

ಕಾನೂನಿನ ಮಾತಿಗೆ ಬಂದರೆ, ಅಮೆರಿಕದ ಸುಪ್ರೀಂ ಕೋರ್ಟಿನ 1985ರ ಟೆನೆಸ್ಸಿ ವರ್ಸಸ್ ಗಾರ್ನರ್ ತೀರ್ಪಿನ ಪ್ರಕಾರ ಸುಮ್ನೆ ಓಡಿಹೋಗುತ್ತಿದ್ದಾನೆ ಅಂತ ಕೊಲ್ಲುವಂತಿಲ್ಲ. ಅವನಿಂದ ಗಂಭೀರ ಅಪಾಯ ಇದೆ ಎಂದು ನಂಬಲು ಕಾರಣ ಬೇಕು. 1989ರ ಗ್ರಹಾಂ ವರ್ಸಸ್ ಕಾನರ್ ತೀರ್ಪು, ಪೊಲೀಸರು ಬಲ ಬಳಸಿದ್ದು ಸರಿಯೇ ಎಂದು ಆ ಜಾಗದಲ್ಲಿದ್ದ ಒಬ್ಬ ವಿವೇಕಿ ಅಧಿಕಾರಿಯ ಕಣ್ಣಿನಿಂದ ನೋಡಿ ಅಂದಿತು. ಆಮೇಲೆ ಕೆಲವು ಕೋರ್ಟುಗಳು ಗುಂಡು ಹಾರಿದ ಆ ಒಂದೆರಡು ಸೆಕೆಂಡನ್ನು ಮಾತ್ರ ನೋಡತೊಡಗಿದವು. ಪೊಲೀಸನೇ ಮೈಮೇಲೆ ಅಪಾಯ ಎಳೆದುಕೊಂಡಿದ್ದರೂ ಅದು ಲೆಕ್ಕಕ್ಕಿಲ್ಲ! 2025ರ ಬಾರ್ನ್ಸ್ ವರ್ಸಸ್ ಫೆಲಿಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೀಗೆ ಆ ಒಂದೆರಡು ಸೆಕೆಂಡನ್ನು ಮಾತ್ರ ನೋಡುವುದನ್ನು ಒಮ್ಮತದಿಂದ ತಳ್ಳಿಹಾಕಿತು. ಅದೂ ಕಾರು ತಡೆದು ನಿಲ್ಲಿಸಿದಾಗ ನಡೆದ ಗುಂಡೇಟಿನ ಪ್ರಕರಣವೇ. ಈಗ ಅದಕ್ಕೆ ಮುಂಚೆ ಏನೇನಾಯಿತು ಎನ್ನುವುದನ್ನೂ ಕೋರ್ಟು ನೋಡಬೇಕು.