ಹಳೆಯ ಕಾರಿನ ವಿನೈಲ್ ಟಾಪ್ ಕಿತ್ತು, ಆ ಜಾಗಕ್ಕೆ ರ್‍ಯಾಪ್ ಫಿಲ್ಮ್ ಹಾಕಬಹುದೇ?

ರೂಫಿನ ತಗಡಿಗೆ ಹೊರಗಿನಿಂದ ಅಂಟಿಸಿದ ವಿನೈಲ್ ಹೊದಿಕೆ, ಅಂದರೆ ಟಾಪ್, ಬಿರುಕು ಬಿಟ್ಟಿದೆ, ಮತ್ತೆ ವಿನೈಲ್ ಹಾಕಿಸಿದರೆ ಮತ್ತೆ ತುಕ್ಕು ಹಿಡಿಯುತ್ತದೆ, ಅದಕ್ಕೇ ಬದಲಿಗೆ ಪೇಂಟಿನ ಮೇಲೆ ಅಂಟಿಸುವ ತೆಳು ಪ್ಲಾಸ್ಟಿಕ್ ಹಾಳೆ, ಚರ್ಮದ ಹಾಗೆ ಕಾಣುವ ರ್‍ಯಾಪ್ ಫಿಲ್ಮ್ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿಕೊಂಡು ಕೈ ಹಾಕಿದವನು.

ನನ್ನದು 1970ರ ದಶಕದ ಆರಂಭದ ಎರಡು ಬಾಗಿಲಿನ ಅಮೆರಿಕನ್ ಕಾರು, ಕಪ್ಪು ಟಾಪ್. ಹಿಂದಿನ ಗಾಜಿನ ಕೆಳಮೂಲೆಗಳಲ್ಲಿ ವಿನೈಲ್ ಮೇಲೆ ಬೆರಳಿಟ್ಟು ಒತ್ತಿದರೆ ಒಳಗೆ ಚರಚರ ಸದ್ದು. ಗಾಜಿನ ಸುತ್ತಲ ಅಂಚುಪಟ್ಟಿ (ಬೀಡಿಂಗ್) ಬಿಚ್ಚಿ ಟಾಪ್ ಎಳೆದೆ. ವಿನೈಲ್ ಬಂತು, ಅಂಟು ತಗಡಿನ ಮೇಲೇ ಉಳಿಯಿತು. ಅದನ್ನು ಹೀಟ್ ಗನ್‌ನಲ್ಲಿ ಮೆತ್ತಗೆ ಮಾಡಿ ಕೆರೆದು, ತಿನ್ನರ್ ಹಾಕಿ ಒರೆಸಿ ತೆಗೆಯುವಷ್ಟರಲ್ಲಿ ಸಾಕುಸಾಕಾಯಿತು. ರೂಫಿನ ನಡುಭಾಗ ಗಟ್ಟಿಯಾಗಿತ್ತು. ಗಾಜಿನ ಸುತ್ತ ಮಾತ್ರ ತೂತು. ಅಲ್ಲಿ ತಗಡು ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡಿಸಿದೆ, ಉಳಿದ ಸಣ್ಣ ಗುಳಿಗಳಿಗೆ ಪುಟ್ಟಿ ತುಂಬಿ ಪ್ರೈಮರ್ ಹೊಡೆಸಿದೆ.

ಅಲ್ಲಿಂದ ಮುಂದೆ ಮಾಡಿದ ಕೆಲಸವೇ ನನಗೆ ದುಬಾರಿಯಾದದ್ದು: ಪೇಂಟ್ ಹೊಡೆಸದೆ ಪ್ರೈಮರ್ ಮೇಲೇ ಫಿಲ್ಮ್ ಅಂಟಿಸಿದೆ. ಹೇಗೂ ಮುಚ್ಚಿಹೋಗುವ ಜಾಗ, ಯಾರಿಗೂ ಕಾಣದ ಪೇಂಟಿಗೆ ದುಡ್ಡು ಯಾಕೆ ಅನ್ನುವುದು ನನ್ನ ವಾದ. ಅದು ಎಲ್ಲೆಲ್ಲಿ ತಪ್ಪು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಆ ಜಾಗಕ್ಕೇ ಬಂದು ನಿಲ್ಲುತ್ತೀರಿ.

ಪುಟ್ಟಿಯ ಮೇಲೆ ಹೊಡೆಯುವ ಮಾಮೂಲಿ ಪ್ರೈಮರ್ ಉಜ್ಜಿ ನುಣುಪು ಮಾಡುವುದಕ್ಕೆ ಇರುವಂಥದ್ದು. ಅದರ ಮೈ ತುಂಬ ಸೂಕ್ಷ್ಮ ರಂಧ್ರ. ಕೈಗೆ ಒಣಗಿದ ಹಾಗೆ ಅನ್ನಿಸಿದರೂ ಒಳಗಿನ ತಿನ್ನರ್ ಇನ್ನೂ ಆವಿಯಾಗಿ ಹೊರಬರುತ್ತಲೇ ಇರುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದರೆ ಆ ಆವಿಗೆ ದಾರಿಯಿಲ್ಲ. ಬಿಸಿಲಲ್ಲಿ ಕಪ್ಪು ರೂಫ್ ಕಾದದ್ದೇ ತಡ, ಗುಳ್ಳೆ ಎದ್ದವು. ಸೂಜಿಯಲ್ಲಿ ಚುಚ್ಚಿ ಒತ್ತಿದೆ, ಪಕ್ಕದಲ್ಲೇ ಬೇರೆ ಎದ್ದವು. ಎರಡನೆಯದಾಗಿ, ಫಿಲ್ಮ್‌ನ ಅಂಟು ಹಿಡಿಯುವುದು ಪೂರ್ತಿ ಗಟ್ಟಿಯಾದ, ನುಣುಪಾದ ಪೇಂಟ್ ಮೇಲೆ. ಪ್ರೈಮರ್ ಮೇಲೆ ಅಂಚುಗಳು ನಿಲ್ಲಲಿಲ್ಲ; ಗಾಜಿನ ಹತ್ತಿರ ಮೊದಲು ಬಿಟ್ಟುಕೊಂಡವು, ಮಳೆನೀರು ಅಲ್ಲಿಂದ ಒಳಗೆ ಇಳಿಯಿತು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಪುಟ್ಟಿಯೂ ಆ ಪ್ರೈಮರ್ರೂ ನೀರು ಕುಡಿಯುತ್ತವೆ. ಕಡೆಗೆ ಫಿಲ್ಮ್ ಎಳೆದಾಗ ಪ್ರೈಮರ್ ಹಾಳೆಹಾಳೆಯಾಗಿ ಅದರ ಜೊತೆಗೇ ಎದ್ದು ಬಂತು, ಕೆಳಗೆ ತಗಡಿನ ಮೇಲೆ ಹೊಸ ತುಕ್ಕು. ಪೇಂಟಿನಲ್ಲಿ ಉಳಿಸಿದ್ದೆ ಅಂದುಕೊಂಡ ದುಡ್ಡಿನ ಮೇಲೆ ಫಿಲ್ಮ್, ಪುಟ್ಟಿ, ಪ್ರೈಮರ್, ಕೂಲಿ ಎಲ್ಲವೂ ಇನ್ನೊಂದು ಸಲ ಬಿತ್ತು.

ಇದರಿಂದಲೇ ನಿಮ್ಮ ಪ್ರಶ್ನೆಯ ಬುಡವನ್ನು ನಾನು ಒಪ್ಪುವುದಿಲ್ಲ. ತುಕ್ಕಿಗೆ ಕಾರಣ ವಿನೈಲ್ ಅಲ್ಲ. ನೀರು ಬರುವುದು ಗಾಜಿನ ಸುತ್ತಲ ಸಂದಿನಿಂದ, ಬೀಡಿಂಗ್ ಹಿಡಿಯುವ ಕ್ಲಿಪ್‌ಗಳು ಪೇಂಟ್ ಗೀರಿದ ಜಾಗದಿಂದ, ಅಂಚಿನ ಪಟ್ಟಿ ಕೂರಿಸಲು ವೆಲ್ಡ್ ಮಾಡಿದ ಮೊಳೆಯಂಥ ಸ್ಟಡ್‌ಗಳ ಬುಡದಿಂದ. ಆ ಕಾಲದ ಅನೇಕ ಕಾರುಗಳಲ್ಲಿ, ಹೇಗೂ ಮುಚ್ಚುತ್ತದಲ್ಲ ಅಂತ, ಟಾಪ್ ಕೆಳಗಿನ ತಗಡಿಗೆ ಕಾರ್ಖಾನೆಯಲ್ಲೇ ತೆಳ್ಳಗೆ ಪೇಂಟ್ ಬಳಿದಿರುತ್ತಿದ್ದರು. ವಿನೈಲ್ ಮಾಡಿದ್ದು ಬಂದ ನೀರನ್ನು ಒಣಗಲು ಬಿಡದೆ ಹಿಡಿದಿಟ್ಟಿದ್ದು. ಅಂಚು ಬಿಟ್ಟ ಫಿಲ್ಮ್ ಮಾಡುವುದೂ ಅದನ್ನೇ.

ಫಿಲ್ಮ್ ಹಾಕಿದರೆ ಕೆಲಸ ಕಡಿಮೆಯಾಗುತ್ತದೆ ಅನ್ನುವುದೂ ಸುಳ್ಳು. ನಿಜವಾದ ಟಾಪ್ ಅಂದರೆ ಹಿಂಬದಿಗೆ ಬಟ್ಟೆಯಿರುವ ದಪ್ಪ ಹೊದಿಕೆ, ಸುಮಾರು ಒಂದು ಮಿಲಿಮೀಟರ್. ಅದರ ಸುಕ್ಕುಮೈ ಕೆಳಗಿನ ಸಣ್ಣ ಏರುತಗ್ಗನ್ನೆಲ್ಲ ನುಂಗಿಕೊಳ್ಳುತ್ತದೆ. ರ್‍ಯಾಪ್ ಫಿಲ್ಮ್ ಅಂಟೂ ಸೇರಿ ಅದರ ಹತ್ತನೇ ಒಂದು ಪಾಲಷ್ಟೇ. ಒದ್ದೆ ಬಟ್ಟೆ ಮೈಗೆ ಅಂಟಿದ ಹಾಗೆ ಪುಟ್ಟಿಯ ಅಂಚು, ಉಪ್ಪುಕಾಗದದ ಗೀರು, ಒಂದು ಧೂಳಿನ ಕಣವನ್ನೂ ಎತ್ತಿ ತೋರಿಸುತ್ತದೆ. ಹಾಗಾಗಿ ಫಿಲ್ಮ್ ಹಾಕಲು ರೂಫನ್ನು ಪೇಂಟ್ ಹೊಡೆಯುವಷ್ಟೇ ಚೊಕ್ಕ ಮಾಡಬೇಕು, ಪೇಂಟನ್ನೂ ಹೊಡೆಯಬೇಕು, ಅದು ಗಟ್ಟಿಯಾಗಲು ಕೆಲವು ವಾರ ಬಿಡಬೇಕು. ಅಷ್ಟೆಲ್ಲ ಮಾಡಿದ ಮೇಲೆ ಅದನ್ನು ಮುಚ್ಚುವುದೇಕೆ? ಪೇಂಟ್ ಹಾಗೇ ಇರಲಿ.

ನೋಟದ ಮಾತಿಗೆ ಬಂದರೆ ನಾನು ಇನ್ನೂ ಹಟಮಾರಿ. 1956ರ ಕ್ಯಾಡಿಲಾಕ್ ಎಲ್ಡೊರಾಡೊ ಸೆವಿಲ್, 1962ರ ಫೋರ್ಡ್ ಥಂಡರ್‌ಬರ್ಡ್ ಲ್ಯಾಂಡೌ ಇಂಥ ಕಾರುಗಳಿಗೆ ವಿನೈಲ್ ಹೊದಿಸಿದ್ದೇ ಮಡಚುವ ಬಟ್ಟೆ ಟಾಪಿನ ಕಾರಿನ ಹಾಗೆ ಕಾಣಲಿ ಅಂತ. ಅದಕ್ಕೇ ಉದ್ದಕ್ಕೂ ಎದ್ದು ಕಾಣುವ ಆ ಎರಡು ಹೊಲಿಗೆಗೆರೆ. ಫಿಲ್ಮ್‌ನಲ್ಲಿ ಆ ಗೆರೆ ಇಲ್ಲ. ಕೆಳಗೆ ದಾರ ಇಟ್ಟು ಗೆರೆ ಎಬ್ಬಿಸುವವರಿದ್ದಾರೆ; ದಾರದ ಎರಡೂ ಬದಿ ಫಿಲ್ಮ್ ಗುಡಾರದ ಹಾಗೆ ನಿಂತು, ಅಲ್ಲೇ ಗಾಳಿ ಸೇರುತ್ತದೆ. ನನಗಂತೂ ಹಿಡಿಸಲಿಲ್ಲ.

ಆದರೂ ಫಿಲ್ಮೇ ಬೇಕು ಅಂದರೆ, ಒಳ್ಳೆಯ ಪೇಂಟ್ ಆಗಲೇ ಇರುವ ರೂಫಿಗೆ, ಕೆಲವು ವರ್ಷಕ್ಕೆ ಕಪ್ಪು ಬಣ್ಣ ಸಾಕು ಅನ್ನುವವರಿಗೆ ಸರಿ. ಉರುಳೆಗಳ ನಡುವೆ ಒತ್ತಿ ಮಾಡಿದ ಕ್ಯಾಲೆಂಡರ್ಡ್ ಫಿಲ್ಮ್ ಬೇಡ, ಅದು ಕುಗ್ಗುತ್ತದೆ. ದ್ರವವಾಗಿ ಸುರಿದು ಹಾಳೆ ಮಾಡಿದ ಕಾಸ್ಟ್ ಫಿಲ್ಮ್ ತೆಗೆದುಕೊಳ್ಳಿ. 152 ಸೆಂಟಿಮೀಟರ್ ಅಗಲದ ರೋಲ್‌ನಲ್ಲಿ ರೂಫ್ ಸಾಮಾನ್ಯವಾಗಿ ಒಂದೇ ತುಂಡಿನಲ್ಲಿ ಮುಗಿಯುತ್ತದೆ. ಕಷ್ಟ ಇರುವುದು ಹಿಂದಿನ ಗಾಜಿನ ಪಕ್ಕದ ಕಂಬದ, ಅಂದರೆ ಸಿ-ಪಿಲ್ಲರ್‌ನ ತಿರುವಿನಲ್ಲಿ: ಅಲ್ಲಿ ಜಾಸ್ತಿ ಎಳೆದರೆ ಬಿಸಿಲಿಗೆ ವಾಪಸ್ ಕುಗ್ಗುತ್ತದೆ. ಪೇಂಟ್ ಮೇಲೆ ಬ್ಲೇಡ್ ಆಡಿಸಬೇಡಿ, ಕತ್ತರಿಸುವ ದಾರವಿರುವ ಟೇಪ್ ಬಳಸಿ. ರೂಫ್ ಸದಾ ಬಿಸಿಲಿಗೆ ಒಡ್ಡಿಕೊಂಡಿರುವುದರಿಂದ ಬಾಗಿಲಿಗೆ ಹಾಕಿದ ಫಿಲ್ಮ್‌ಗಿಂತ ಬೇಗ ಹಾಳಾಗುತ್ತದೆ. ಹಳೆಯ ವಿನೈಲ್ ಮೇಲೇ ಅಂಟಿಸುವ ಯೋಚನೆಯಿದ್ದರೆ ಈಗಲೇ ಬಿಡಿ. ಸುಕ್ಕುಮೈಗೆ ಫಿಲ್ಮ್ ಹಿಡಿಯುವುದಿಲ್ಲ, ಹಳೆಯ ವಿನೈಲ್‌ನಿಂದ ಜಿನುಗುವ ಎಣ್ಣೆಯಂಥ ಪದಾರ್ಥ ಅಂಟನ್ನು ಕೆಡಿಸುತ್ತದೆ.

ನಾನು ಕೊನೆಗೆ ಬರೀ ತಗಡಿನವರೆಗೆ ಕೆರೆಸಿ, ನೀರು ಕುಡಿಯದ ಎಪಾಕ್ಸಿ ಪ್ರೈಮರ್ ಹೊಡೆಸಿ, ಸ್ಟಡ್‌ಗಳ ಬುಡಕ್ಕೆ ಸೀಲರ್ ಹಾಕಿಸಿ, ಮೇಲೆ ಪೂರ್ತಿ ಪೇಂಟ್ ಮಾಡಿಸಿ, ಅದರ ಮೇಲೆ ನಿಜವಾದ ವಿನೈಲ್ ಟಾಪ್ ಕೂರಿಸಿದೆ. ಚೆನ್ನಾಗಿದೆ. ಕಾರು ತೊಳೆದಾಗಲೆಲ್ಲ ಗಾಜಿನ ಸುತ್ತಲ ಸಂದಿನಲ್ಲಿ ಎಲೆ, ಕಸ ನಿಲ್ಲದಂತೆ ತೆಗೆಯುತ್ತೇನೆ.

ನೀವು ಫಿಲ್ಮ್ ಹುಡುಕುವುದನ್ನು ಸದ್ಯಕ್ಕೆ ನಿಲ್ಲಿಸಿ. ಹಿಂದಿನ ಗಾಜಿನ ಕೆಳಗಿನ ಬೀಡಿಂಗ್ ಬಿಚ್ಚಿ, ಸ್ಕ್ರೂಡ್ರೈವರ್ ತುದಿಯಿಂದ ಆ ಮೂಲೆಗಳನ್ನು ಒತ್ತಿ ನೋಡಿ. ತಗಡು ಒಳಗೆ ಹೋಯಿತೋ, ನಿಮಗೆ ಮೊದಲು ಬೇಕಾಗಿರುವುದು ಒಳ್ಳೆಯ ವೆಲ್ಡರ್.